ಮುಳ್ಳಿನ ಕಿರೀಟದ ಬೀಗದ ಕೈ: ನೋಟ್ರ ಡಾಮ್ ಬೆಂಕಿಯಲ್ಲಿ ಒಳಗಿನ ಸಾಮಾನು ಉಳಿದ ಬಗೆ

ಹೊಗೆಯೊಳಗಿಂದ ಒಂದು ಪೆಟ್ಟಿಗೆ ಹೊರಗೆ ಬಂತು. ಯೇಸುವಿನ ತಲೆಯ ಮೇಲೆ ಇಟ್ಟದ್ದು ಅಂತ ನಂಬುವ ಮುಳ್ಳಿನ ಕಿರೀಟ ಸಿಕ್ಕಿತು ಅಂತ ಎಲ್ಲರಿಗೂ ಹೋದ ಜೀವ ಬಂದ ಹಾಗಾಯ್ತು. ಗೊತ್ತಿದ್ದವರು ನೋಡಿದರು. ಅದು ನಕಲು. ಅಸಲಿ ಕಿರೀಟ ಇನ್ನೂ ಒಳಗೇ ಇತ್ತು, ಕಟ್ಟಡದ ಪೂರ್ವ ತುದಿಯ ಚಿಕ್ಕ ಪೂಜಾಕೋಣೆಯ, ಅಂದರೆ ಒಂದು ಚಾಪೆಲ್‌ನ ತಿಜೋರಿಯಲ್ಲಿ.

ತಿಜೋರಿಗೆ ಬೀಗದ ಕೈ ಬೇಕು, ಸಂಖ್ಯೆಯೂ ಬೇಕು. ಅವು ಗೊತ್ತಿದ್ದವರು ಬೆರಳಲ್ಲಿ ಎಣಿಸುವಷ್ಟು ಜನ. ಕೆಥೆಡ್ರಲಿನ ವಸ್ತುಗಳ ಉಸ್ತುವಾರಿ ನೋಡುತ್ತಿದ್ದವರು ಆ ಸಂಜೆ ಊರಾಚೆ ವೆರ್ಸೈಯಲ್ಲಿದ್ದರು. ಸುದ್ದಿ ಕೇಳಿ ರೈಲು ಹಿಡಿದು, ಆಮೇಲೆ ಬಾಡಿಗೆ ಸೈಕಲ್ ತುಳಿದು, ಪೊಲೀಸರ ತಡೆಗಳನ್ನು ದಾಟಿ ಬಂದು ಸೇರಿದರು. ಗಾಬರಿಯಲ್ಲಿ ಸಂಖ್ಯೆಗಾಗಿ ಫೋನ್ ಮಾಡಿ ಕೇಳಬೇಕಾಯ್ತು. ತಲೆಯ ಮೇಲೆ 800 ವರ್ಷದ ತೊಲೆಗಳು ಉರಿಯುತ್ತಿದ್ದವು. ಕಮಾನು ಚಾವಣಿಯ ತೂತುಗಳಿಂದ ಕೆಂಡ ಬೀಳುತ್ತಿತ್ತು. ಕೆಳಗೆ ಕೆಲವು ಮಂದಿ ಒಂದು ತಿಜೋರಿಯ ಮುಂದೆ ನಿಂತು ಅಂಕಿ ತಿರುಗಿಸುತ್ತಿದ್ದರು.

2019ರ ಏಪ್ರಿಲ್ 15, ಸೋಮವಾರ. ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರ ಆಗಷ್ಟೇ ಶುರುವಾಗಿತ್ತು. ಪ್ಯಾರಿಸಿನ ನೋಟ್ರ ಡಾಮ್ ಕೆಥೆಡ್ರಲ್ ಉರಿದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಚೂಪು ಶಿಖರ ಬಾಗಿ ಮುರಿದು ಬಿದ್ದ ಆ ದೃಶ್ಯ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಮಾಡು, ಶಿಖರ, ಕಲ್ಲಿನ ಕಮಾನು, ಇವುಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನನಗೆ ಕುತೂಹಲ ಇದ್ದದ್ದು ಬೇರೆ ವಿಷಯದಲ್ಲಿ. ಆ ಮನೆಯೊಳಗೆ ಸಾಮಾನಿತ್ತಲ್ಲ, ವಿಗ್ರಹ, ಚಿತ್ರ, ವಾದ್ಯ, ಬಟ್ಟೆ, ಜಮಖಾನೆ, ಪಾತ್ರೆ, ಅದೆಲ್ಲ ಏನಾಯ್ತು? ಮಾಡು ಪೂರ್ತಿ ಸುಟ್ಟುಹೋದ ಮನೆಯಲ್ಲಿ ಸಾಮಾನು ಬಹುಪಾಲು ಉಳಿಯಿತು ಅಂದರೆ ಜನ ಪವಾಡ ಅನ್ನುತ್ತಾರೆ. ಒಂದಷ್ಟು ಅದೃಷ್ಟ ಇತ್ತು, ನಿಜ. ಆದರೆ ಹತ್ತಿರ ಹೋಗಿ ನೋಡಿದರೆ ಕಾಣುವುದು ಏನು ಎಲ್ಲಿದೆ ಅಂತ ತಿಳಿದವರ ಕೆಲಸ. ತಿಳಿದವರು ದೂರ ಇದ್ದಾಗ ಆದ ಪರದಾಟವೂ ಅಷ್ಟೇ ಕಾಣುತ್ತದೆ.

ಆ ರಾತ್ರಿ

ಸಂಜೆ 6.20ರ ಸುಮಾರಿಗೆ ಮೊದಲ ಎಚ್ಚರಿಕೆ ಬಂತು. ಒಳಗೆ ಬಲಿಪೂಜೆ, ಅಂದರೆ ಚರ್ಚಿನ ಮಾಸ್ ಪ್ರಾರ್ಥನೆ ನಡೆಯುತ್ತಿತ್ತು. ಜನರನ್ನು ಹೊರಗೆ ಕಳಿಸಿದರು. ಕಾವಲುಗಾರ ಅಟ್ಟ ಹತ್ತಿ ನೋಡಿದ. ಏನೂ ಇರಲಿಲ್ಲ. ಅವನು ಹತ್ತಿದ್ದು ಪಕ್ಕದ ಪೂಜಾಸಾಮಗ್ರಿ ಕಟ್ಟಡದ ಅಟ್ಟ. ಬೆಂಕಿ ಇದ್ದದ್ದು ದೊಡ್ಡ ಮಾಡಿನ ಅಟ್ಟದಲ್ಲಿ. ತಪ್ಪು ಗೊತ್ತಾಗಿ, ಸರಿಯಾದ ಮೆಟ್ಟಿಲು ಹತ್ತಿ, ಅಗ್ನಿಶಾಮಕ ದಳಕ್ಕೆ ಫೋನ್ ಹೋಗುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ಆ ಅಟ್ಟದ ಮರಗಳ ದಟ್ಟಣೆ ನೋಡಿ ಪ್ಯಾರಿಸಿನವರು ಅದನ್ನು 'ಕಾಡು' ಅಂತಲೇ ಕರೆಯುತ್ತಿದ್ದರು. ಒಣಗಿದ ಓಕ್ ಮರಕ್ಕೆ ಅರ್ಧ ಗಂಟೆ ತುಂಬಾ ಜಾಸ್ತಿ ಆಯ್ತು. 8 ಗಂಟೆಗೆ ಸ್ವಲ್ಪ ಮುಂಚೆ ಶಿಖರ ಬಿತ್ತು.

ಒಂದು ವಿಷಯದಲ್ಲಿ ಮಾತ್ರ ತಯಾರಿ ಇತ್ತು. ಅಗ್ನಿಶಾಮಕ ದಳದವರು 2018ರಲ್ಲಿ ಇದೇ ಕೆಥೆಡ್ರಲಿನಲ್ಲಿ ಅಭ್ಯಾಸ ಮಾಡಿದ್ದರು. ಯಾವ ವಸ್ತು ಮೊದಲು, ಯಾವುದು ಆಮೇಲೆ ಅನ್ನುವ ಪಟ್ಟಿ ಅವರ ಕೈಯಲ್ಲಿತ್ತು. ಭಂಡಾರ ಇದ್ದದ್ದು ದಕ್ಷಿಣದ ಪಕ್ಕದ ಕಟ್ಟಡದಲ್ಲಿ. ಅಲ್ಲಿಂದ ಕೈಯಿಂದ ಕೈಗೆ ದಾಟಿಸಿಕೊಂಡು ಸಾಲು ನಿಂತರು. ದಳದವರು, ಸಂಸ್ಕೃತಿ ಇಲಾಖೆಯವರು, ನಗರಸಭೆಯ ನೌಕರರು ಎಲ್ಲ ಒಂದೇ ಸಾಲಿನಲ್ಲಿ. ದಳದ ಗುರುಗಳಾಗಿದ್ದ ಫಾದರ್ ಜಾನ್ ಮಾರ್ಕ್ ಫೂರ್ನಿಯೆ ಕೂಡ ಒಳಗೆ ಹೋದರು, ಪರಮಪ್ರಸಾದವನ್ನು (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಹೊರಗೆ ತಂದರು. ಅವರು ಹಿಂದೆ ಸೈನ್ಯದಲ್ಲಿದ್ದವರು, ಅಫ್ಘಾನಿಸ್ತಾನ ನೋಡಿ ಬಂದವರು.

ತಿಜೋರಿ ಕೊನೆಗೂ ತೆರೆಯಿತು. ಕಿರೀಟ ಹೊರಗೆ ಬಂತು. ಸಂತ ಲೂಯಿಯದು ಎನ್ನುವ ನಾರುಬಟ್ಟೆಯ ಅಂಗಿಯೂ ಬಂತು. ಒಂದೊಂದಾಗಿ ಹೊರಬಂದದ್ದನ್ನು ಹತ್ತಿರದ ನಗರಸಭಾ ಭವನದಲ್ಲಿ ಸಾಲಾಗಿ ಇಟ್ಟರು. ಆಮೇಲೆ ಅಲ್ಲಿಂದ ಲೂವ್ರ್ ಮ್ಯೂಸಿಯಮ್ಮಿಗೆ ಸಾಗಿಸಿದರು. ಅಂಥ ದೊಡ್ಡ ಮ್ಯೂಸಿಯಂ ಕೂಗಳತೆಯಲ್ಲಿ ಇರುವುದು ಎಲ್ಲ ಊರಿನ ಭಾಗ್ಯ ಅಲ್ಲ.

ಈ ಕಿರೀಟ ಅಂದರೆ ನಾವು ಚಿತ್ರಗಳಲ್ಲಿ ನೋಡುವ ಹಾಗೆ ಚುಚ್ಚುವ ಮುಳ್ಳಿನ ಬಳ್ಳಿ ಅಲ್ಲ. ಜೊಂಡನ್ನು ಸುತ್ತಿ ಮಾಡಿದ ಬಳೆಯಂಥ ವಸ್ತು. ಮುಳ್ಳುಗಳನ್ನೆಲ್ಲ ಶತಮಾನಗಳ ಹಿಂದೆಯೇ ಒಂದೊಂದಾಗಿ ಕಿತ್ತು ಬೇರೆ ಬೇರೆಯವರಿಗೆ ಕಾಣಿಕೆ ಕೊಟ್ಟುಬಿಟ್ಟಿದ್ದಾರೆ. 1896ರಲ್ಲಿ ಮಾಡಿದ ಚಿನ್ನ ಮತ್ತು ಸ್ಫಟಿಕದ ಟೊಳ್ಳು ಬಳೆಯೊಳಗೆ ಅದು ಕೂತಿದೆ. ಯೇಸುವಿನ ತಲೆಯ ಮೇಲೆ ಇಟ್ಟದ್ದು ಇದೇ ಅನ್ನುವುದು ನಂಬಿಕೆಯ ಮಾತು. ಇತಿಹಾಸ ಗಟ್ಟಿಯಾಗಿ ಹೇಳುವುದು ಒಂಬತ್ತನೇ ಲೂಯಿ ದೊರೆಯಿಂದ (ಸಂತ ಲೂಯಿ ಅಂದರೆ ಇವನೇ) ಮುಂದಿನದು. ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಸಾಲಕ್ಕಾಗಿ ವೆನಿಸ್ಸಿನವರ ಬಳಿ ಅದನ್ನು ಅಡವಿಟ್ಟಿದ್ದ. ಲೂಯಿ ಸಾಲ ತೀರಿಸಿ ಬಿಡಿಸಿಕೊಂಡು 1239ರಲ್ಲಿ ಪ್ಯಾರಿಸಿಗೆ ತಂದ, ಬರಿಗಾಲಲ್ಲಿ ಹೊತ್ತು ನಡೆದ. ಅದಕ್ಕಾಗಿಯೇ ಸ್ಯಾಂತ್ ಶಾಪೆಲ್ ಎನ್ನುವ ಪೂಜಾಮಂದಿರ ಕಟ್ಟಿಸಿದ. ಫ್ರೆಂಚ್ ಕ್ರಾಂತಿಯ ಗಲಾಟೆ ಎಲ್ಲ ಮುಗಿದ ಮೇಲೆ 1806ರಲ್ಲಿ ಅದು ನೋಟ್ರ ಡಾಮ್‌ಗೆ ಬಂತು. ಅಡವು, ಕ್ರಾಂತಿ, ಬೆಂಕಿ, ಮೂರನ್ನೂ ದಾಟಿದ ಜೊಂಡು.

ಅದೃಷ್ಟದ ಪಾಲು

ಬೆಂಕಿ ಬೀಳುವ ನಾಲ್ಕು ದಿನ ಮೊದಲು, ಏಪ್ರಿಲ್ 11ರಂದು, ಒಂದು ದೊಡ್ಡ ಕ್ರೇನ್ ಬಂದು ಶಿಖರದ ಬುಡದಲ್ಲಿದ್ದ 16 ತಾಮ್ರದ ವಿಗ್ರಹಗಳನ್ನು ಇಳಿಸಿತ್ತು. ಯೇಸುವಿನ ಶಿಷ್ಯರಾದ ಹನ್ನೆರಡು ಪ್ರೇಷಿತರು, ಯೇಸುವಿನ ಕಥೆ ಬರೆದ ನಾಲ್ಕು ಶುಭಸಂದೇಶಕಾರರ ಗುರುತುಗಳು. ತಲೆ ಬಿಚ್ಚಿ, ಒಂದೊಂದನ್ನೂ ಪೆರಿಗೂ ಹತ್ತಿರದ ಕಾರ್ಖಾನೆಗೆ ದುರಸ್ತಿಗೆ ಕಳಿಸಿದ್ದರು. ಒಂದು ವಾರ ತಡವಾಗಿದ್ದರೆ ಅವು ಶಿಖರದ ಜೊತೆಗೇ ಕರಗುತ್ತಿದ್ದವು. ಇದನ್ನು ಅದೃಷ್ಟ ಅನ್ನದೆ ಬೇರೆ ಏನನ್ನೋಣ?

ಅವುಗಳಲ್ಲಿ ಒಂದು ಸಂತ ತೋಮರದು. ಚೆನ್ನೈಯ ಮೈಲಾಪುರಕ್ಕೆ ಬಂದರು ಅಂತ ನಮ್ಮ ಕಡೆಯ ಕ್ರೈಸ್ತರು ನಂಬುವ ಅದೇ ತೋಮರು. ಕಟ್ಟಡ ಕಟ್ಟುವವರ ಪಾಲಕ ಸಂತ ಅವರು. 19ನೇ ಶತಮಾನದಲ್ಲಿ ಈ ಶಿಖರ ಕಟ್ಟಿಸಿದ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ಆ ವಿಗ್ರಹಕ್ಕೆ ತನ್ನದೇ ಮುಖ ಕೊಟ್ಟ. ಮಿಕ್ಕವರೆಲ್ಲ ಊರಿನ ಕಡೆ ನೋಡುತ್ತಿದ್ದರೆ ಈ ತೋಮ ಮಾತ್ರ ತಿರುಗಿ, ಕತ್ತೆತ್ತಿ, ತಾನು ಕಟ್ಟಿಸಿದ ಶಿಖರವನ್ನೇ ನೋಡುತ್ತಾನೆ. ಜಂಬ ಅಂದರೆ ಇದು ಅಲ್ವಾ!

ಶಿಖರದ ತುದಿಯ ಹುಂಜಕ್ಕೆ ಮಾತ್ರ ಇಳಿಯುವ ಯೋಗ ಇರಲಿಲ್ಲ. ತಾಮ್ರದ ಆ ಹುಂಜದ ಹೊಟ್ಟೆಯಲ್ಲಿ ಕಿರೀಟದ ಒಂದು ಮುಳ್ಳು, ಸಂತ ದೆನಿ ಮತ್ತು ಸಂತ ಜೆನೆವಿಯೆವ್ ಅವರ ಅವಶೇಷಗಳು ಇದ್ದವು. ಊರಿಗೆ ಸಿಡಿಲು ಬಡಿಯದಿರಲಿ ಅಂತ ಇಟ್ಟದ್ದು. ಶಿಖರದ ಜೊತೆ ಅದೂ ಬಿತ್ತು. ಮರುದಿನ ಕಸದ ನಡುವೆ ಸಿಕ್ಕಿತು, ಜಜ್ಜಿಹೋಗಿತ್ತು, ಆದರೆ ಕರಗಿರಲಿಲ್ಲ. ಈಗ ಅದು ಮತ್ತೆ ಮೇಲೆ ಹೋಗಿಲ್ಲ. 2023ರ ಡಿಸೆಂಬರ್ 16ರಂದು ಚಿನ್ನದ ಲೇಪದ ಹೊಸ ಹುಂಜ ಏರಿತು. ಅದರ ಹೊಟ್ಟೆಯಲ್ಲಿ ಹಳೆಯ ಅವಶೇಷಗಳ ಜೊತೆಗೆ ಕೆಲಸ ಮಾಡಿದ ಸುಮಾರು 2,000 ಜನರ ಹೆಸರು ಬರೆದ ಸುರುಳಿಯೂ ಇದೆ.

ಒಳಗೆ, ಶಿಖರ ತೂರಿಕೊಂಡು ಬಿದ್ದ ಜಾಗದ ಪಕ್ಕದಲ್ಲೇ, ಕಂಬಕ್ಕೆ ಒರಗಿ ನಿಂತಿದ್ದವಳು ಮಾತೆ ಮರಿಯ. 14ನೇ ಶತಮಾನದ ಕಲ್ಲಿನ ವಿಗ್ರಹ. ಸೊಂಟ ಸ್ವಲ್ಪ ಓರೆ, ಎಡಗೈಯಲ್ಲಿ ಮಗು, ಮಗು ಅಮ್ಮನ ಸೆರಗಿನ ಜೊತೆ ಆಡುತ್ತಿದೆ. ಬೆಳಗಾದ ಮೇಲೆ ಒಳಗೆ ಹೋದವರು ನೋಡಿದ್ದು ಇಷ್ಟು: ಸುತ್ತ ಕಲ್ಲು, ಸುಟ್ಟ ತೊಲೆ, ಸೀಸ ರಾಶಿ ಬಿದ್ದಿದೆ, ಮೇಲೆ ಆಕಾಶ ಕಾಣುತ್ತಿದೆ, ಅವಳು ನಿಂತಲ್ಲೇ ನಿಂತಿದ್ದಾಳೆ. ಪೂರ್ವ ತುದಿಯಲ್ಲಿ ನಿಕೊಲಾ ಕುಸ್ತು ಕೆತ್ತಿದ ಅಮೃತಶಿಲೆಯ ಮರಿಯ, ಮಡಿಲಲ್ಲಿ ಸತ್ತ ಮಗನನ್ನು ಇಟ್ಟುಕೊಂಡವಳು, ಅವಳಿಗೂ ಏನೂ ಆಗಿರಲಿಲ್ಲ. ಅವಳ ಬೆನ್ನ ಹಿಂದಿದ್ದ ಚಿನ್ನದ ಶಿಲುಬೆ ಆ ಕತ್ತಲಲ್ಲಿ ಹೊಳೆಯುತ್ತಿದ್ದ ಫೋಟೊ ಜಗತ್ತೆಲ್ಲ ಸುತ್ತಿತು.

ಹೋದದ್ದೂ ಇದೆ. ಜನರ ಕಡೆಗೆ ಮುಖ ಮಾಡಿದ್ದ, 1989ರಲ್ಲಿ ಜಾನ್ ಮತ್ತು ಸೆಬಾಸ್ಟಿಯನ್ ತುರೆ ಮಾಡಿದ್ದ ಬಲಿಪೀಠ ಕಮಾನಿನ ಕಲ್ಲುಗಳ ಕೆಳಗೆ ಪುಡಿಯಾಯ್ತು. ಮುರಿದ ಕಮಾನು ಎಲ್ಲೆಲ್ಲಿ ಇತ್ತೋ ಅಲ್ಲಲ್ಲಿ ಕೆಳಗಿದ್ದ ಸಾಮಾನಿಗೆ ಪೆಟ್ಟು. ಆದರೆ ಕಮಾನು ಮುರಿದದ್ದು ಮೂರು ಕಡೆ ಮಾತ್ರ: ಶಿಲುಬೆಯಾಕಾರದ ಕಟ್ಟಡದ ನಡುಮಧ್ಯ, ಅದರ ಉತ್ತರದ ತೋಳು, ದೊಡ್ಡ ಹಜಾರದ ಒಂದು ಅಂಕಣ. ಮಧ್ಯಯುಗದ ಕಲ್ಲಿನವರು ಕಮಾನು ಕಟ್ಟುತ್ತಿದ್ದದ್ದರಲ್ಲಿ ಇದೂ ಒಂದು ಲೆಕ್ಕ. ಮರದ ಮಾಡು ಉರಿದರೂ ಕೆಳಗಿನ ಕಲ್ಲಿನ ಚಾವಣಿ ಬೆಂಕಿಯನ್ನು ತಡೆಯಬೇಕು. ಅದು ತಡೆಯಿತು. ಪಕ್ಕದ ಓಣಿಗಳಿಗೆ, ಚಾಪೆಲ್‌ಗಳಿಗೆ ಅವುಗಳದೇ ಬೇರೆ ತಗ್ಗಿನ ಕಮಾನುಗಳಿವೆ. ಅಲ್ಲಿ ತೂಗುಹಾಕಿದ್ದ ಚಿತ್ರಗಳು ಉಳಿದದ್ದು ಹಾಗೆ.

ನೀರು ಮತ್ತು ಸೀಸ

ಬೆಂಕಿ ಆರಿದ ಮೇಲೆ ಸಾಮಾನಿಗೆ ಎರಡು ಶತ್ರು ಉಳಿದವು. ಒಂದು, ಬೆಂಕಿ ಆರಿಸಲು ಹಾಕಿದ ನೀರು. ಇನ್ನೊಂದು ಸೀಸ. ಮಾಡಿಗೆ ಮತ್ತು ಶಿಖರಕ್ಕೆ ಹೊದಿಸಿದ್ದ ಸೀಸ 400 ಟನ್‌ಗೂ ಜಾಸ್ತಿ. ಅದು ಕರಗಿತು, ಹಳದಿ ಹೊಗೆಯಾಗಿ ಎದ್ದಿತು, ನಯವಾದ ಧೂಳಾಗಿ ಒಳಗಿನ ಪ್ರತಿ ಮೂಲೆಗೂ ಇಳಿಯಿತು. ಸೀಸ ವಿಷ. ಅದಕ್ಕಾಗಿ 2019ರ ಜುಲೈ ಕೊನೆಯಲ್ಲಿ ಕೆಲಸವನ್ನೇ ಕೆಲವು ವಾರ ನಿಲ್ಲಿಸಬೇಕಾಯ್ತು. ಆಮೇಲೆ ಒಳಗೆ ಹೋಗುವವರು ಬಟ್ಟೆ ಬದಲಿಸಿ ಹೋಗಬೇಕು, ಹೊರಗೆ ಬರುವಾಗ ತಲೆಸ್ನಾನ ಮಾಡಿ ಬರಬೇಕು. ಮಡಿ ಅಂದರೆ ಮಡಿ.

ನೀರಿನ ಕಥೆ ಕೇಳಬೇಕು ಅಂದರೆ ಜಮಖಾನೆಯ ಕಥೆ ಕೇಳಬೇಕು. ಬಲಿಪೀಠದ ಮುಂದೆ ಹಾಸಲು ಹತ್ತನೇ ಚಾರ್ಲ್ಸ್ ದೊರೆ 1825ರಲ್ಲಿ ಸವೊನೆರಿ ನೇಯ್ಗೆಮನೆಗೆ ಹೇಳಿ ನೇಯಿಸಲು ಶುರುಮಾಡಿದ. ಮುಗಿಯುವಷ್ಟರಲ್ಲಿ ಇನ್ನೊಂದು ಕ್ರಾಂತಿ ಆಗಿ ದೊರೆಯೇ ಬದಲಾಗಿದ್ದ. 1841ರಲ್ಲಿ ಲೂಯಿ ಫಿಲಿಪ್ ಅದನ್ನು ಕೆಥೆಡ್ರಲಿಗೆ ಕೊಟ್ಟ. ಎರಡು ತುಂಡು ಸೇರಿ ಉದ್ದ 25 ಮೀಟರಿಗೂ ಮೇಲೆ. ನಮ್ಮ ಸಾಧಾರಣ ಮದುವೆ ಮಂಟಪದ ಉದ್ದ ಅಂದುಕೊಳ್ಳಿ. ಅಪರೂಪದ ದಿನಗಳಲ್ಲಿ ಮಾತ್ರ ಬಿಚ್ಚುತ್ತಿದ್ದರು, ಮಿಕ್ಕ ದಿನ ಸುರುಳಿ ಸುತ್ತಿ ಮರದ ಪೆಟ್ಟಿಗೆಯಲ್ಲಿ. ಬೆಂಕಿಯ ರಾತ್ರಿ ಅದು ಪೆಟ್ಟಿಗೆಯಲ್ಲೇ ಇತ್ತು. ಬೆಂಕಿ ತಾಗಲಿಲ್ಲ. ಆದರೆ ನೀರು ಪೆಟ್ಟಿಗೆಗೆ ಇಳಿಯಿತು. ಉಣ್ಣೆ ನೀರು ಕುಡಿದರೆ ತೂಕ ಎಷ್ಟಾಗುತ್ತದೆ ಅಂತ ಕಂಬಳಿ ಒಗೆದವರಿಗೆ ಗೊತ್ತು. ಎತ್ತುವುದೇ ಒಂದು ಸಾಹಸ. ಎತ್ತಿದ ಮೇಲೆ ಒಣಗಿಸಬೇಕು, ಬೂಸ್ಟು ಬರುವ ಮೊದಲು. ಒಣಗಿದ ಮೇಲೆ ಹುಳು ಸಾಯಲು ದೊಡ್ಡ ಶೀತಾಗಾರದಲ್ಲಿ ಇಟ್ಟರು. ಆಮೇಲೆ ಸರ್ಕಾರದ ಪೀಠೋಪಕರಣ ಸಂಸ್ಥೆಯಾದ ಮೊಬಿಲಿಯೆ ನಾಸಿಯೊನಾಲ್‌ನ ನೇಕಾರರು ಕೂತು ಸವೆದ ಕಡೆ ದಾರ ಹಿಡಿದರು. ಅಲ್ಲಿ ಈಗಲೂ ಅದೇ ಹಳೆಯ ಕಾಲದ ಮಗ್ಗದ ಕೆಲಸ ನಡೆಯುತ್ತದೆ. ಕಸುಬು ಉಳಿದಿತ್ತು, ಅದಕ್ಕೆ ಜಮಖಾನೆ ಉಳಿಯಿತು.

ಚಿತ್ರಗಳ ವಿಷಯ ಇನ್ನೂ ಸ್ವಾರಸ್ಯ. ಪ್ಯಾರಿಸಿನ ಅಕ್ಕಸಾಲಿಗರ ಸಂಘದವರು 1449ರಿಂದ ಪ್ರತಿ ಮೇ ತಿಂಗಳ ಮೊದಲ ದಿನ ಮರಿಯಮ್ಮನಿಗೆ ಅಂತ ಅಲಂಕಾರ ಮಾಡಿದ ಒಂದು ಮರ ಒಪ್ಪಿಸುತ್ತಿದ್ದರು. ಬರಬರುತ್ತಾ ಕಾಣಿಕೆ ಬದಲಾಯಿತು. 1630ರಿಂದ 1707ರವರೆಗೆ ವರ್ಷಕ್ಕೊಂದು ಭಾರಿ ಎಣ್ಣೆಬಣ್ಣದ ಚಿತ್ರ. ಒಂದೊಂದೂ ಮೂರು ಮೀಟರಿಗಿಂತ ಎತ್ತರ. ಇವುಗಳಿಗೆ 'ಮೇ' ಅಂತಲೇ ಹೆಸರು. ನಡುವೆ ಎರಡು ವರ್ಷ ತಪ್ಪಿ ಒಟ್ಟು 76 ಆದವು. ಆ ಕಾಲದಲ್ಲಿ ಹೆಸರು ಮಾಡಬೇಕು ಅನ್ನುವ ಹುಡುಗ ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಅವಕಾಶ ಇರಲಿಲ್ಲ. ಶಾರ್ಲ್ ಲ ಬ್ರನ್ ಎರಡು ಸಲ ಬರೆದ, 1647ರಲ್ಲಿ ಸಂತ ಅಂದ್ರೇಯ, 1651ರಲ್ಲಿ ಸಂತ ಸ್ತೇಫನ. ಕ್ರಾಂತಿಯ ಕಾಲದಲ್ಲಿ ಇವೆಲ್ಲ ಚೆಲ್ಲಾಪಿಲ್ಲಿಯಾದವು. ಬೆಂಕಿಯ ದಿನ ಕೆಥೆಡ್ರಲಿನಲ್ಲಿ ಉಳಿದಿದ್ದದ್ದು 13.

ಇಷ್ಟು ದೊಡ್ಡ ಚಿತ್ರವನ್ನು ಕೈಸಾಲಿನಲ್ಲಿ ದಾಟಿಸಲು ಆಗುವುದಿಲ್ಲ. ಆ ರಾತ್ರಿ ಅವು ಗೋಡೆಯ ಮೇಲೇ ಉಳಿದವು. ಮುಂದಿನ ದಿನಗಳಲ್ಲಿ ಸಾರುವೆ ಕಟ್ಟಿ, ಸುರಕ್ಷಿತ ಅಂತ ಇಂಜಿನಿಯರುಗಳು ಹೇಳಿದ ಕಡೆಯಿಂದ ಒಂದೊಂದನ್ನೇ ಇಳಿಸಿದರು. ನೋಡಿದರೆ ಹಾನಿ ತೀರಾ ಕಡಿಮೆ. ಸ್ವಲ್ಪ ಧೂಳು, ಸ್ವಲ್ಪ ತೇವ. ಆದರೆ ಒಮ್ಮೆ ಕೆಳಗೆ ಇಳಿದಿವೆ, ಹಣವೂ ಬಂದಿದೆ, ಅಂದಮೇಲೆ ಪೂರ್ತಿ ಚಿಕಿತ್ಸೆ ಮಾಡೋಣ ಅಂತ ತೀರ್ಮಾನ ಆಯ್ತು. ಇಪ್ಪತ್ತಕ್ಕೂ ಹೆಚ್ಚು ದೊಡ್ಡ ಚಿತ್ರಗಳಿಂದ ಕಂದು ಹಿಡಿದ ಹಳೆಯ ವಾರ್ನಿಶ್ ತೆಗೆದರು. ಹಿಂದಿನ ಕಾಲದ ರಿಪೇರಿಗಾರರು ಬಳಿದಿದ್ದ ಬಣ್ಣ ಒರೆಸಿದರು. ಕೆಳಗಿನಿಂದ ನೀಲಿ ಎದ್ದು ಬಂತು, ಕೆಂಪು ಎದ್ದು ಬಂತು. 2024ರ ಏಪ್ರಿಲ್‌ನಿಂದ ಜುಲೈವರೆಗೆ ಅವನ್ನು ಪ್ಯಾರಿಸಿನಲ್ಲೇ ಪ್ರದರ್ಶನಕ್ಕೆ ಇಟ್ಟರು, ಕಣ್ಣಿನ ಮಟ್ಟದಲ್ಲಿ. ಚಾಪೆಲ್‌ನ ಮಬ್ಬಿನಲ್ಲಿ ಕತ್ತೆತ್ತಿ ನೋಡಿದ್ದ ಜನ ಮೊದಲ ಸಲ ಸಂತರ ಕಾಲ್ಬೆರಳು ನೋಡಿದರು. ಬೆಂಕಿ ಬೀಳದಿದ್ದರೆ ಇದಕ್ಕೆ ಯಾರೂ ದುಡ್ಡು ಬಿಚ್ಚುತ್ತಿರಲಿಲ್ಲ ಅನ್ನುವುದು ಕಹಿಯಾದರೂ ನಿಜ. ಬೆಂಕಿಯ ನಂತರ 150 ದೇಶಗಳ 3.4 ಲಕ್ಷ ದಾನಿಗಳಿಂದ ಬಂದ ಹಣ ಸುಮಾರು 84 ಕೋಟಿ ಯೂರೊ. ಅದಕ್ಕೆ ಮುಂಚೆ ಇದೇ ಕೆಥೆಡ್ರಲ್ ಶಿಖರದ ದುರಸ್ತಿಗೆ ಅಮೆರಿಕದವರೆಗೂ ಜೋಳಿಗೆ ಹಿಡಿದು ಹೋಗಿತ್ತು.

ಸೀಸದ ಕಥೆಗೆ ಆರ್ಗನ್ ಸಾಕು. ಪಶ್ಚಿಮದ ಬಾಗಿಲ ಮೇಲೆ, ಗುಲಾಬಿ ಕಿಟಕಿ ಎನ್ನುವ ದುಂಡನೆಯ ಬಣ್ಣದ ಗಾಜಿನ ಕೆಳಗೆ ಕೂತಿರುವ ದೊಡ್ಡ ಆರ್ಗನ್, ಕೊಳವೆಗಳಿಗೆ ಗಾಳಿ ಊದಿ ನುಡಿಸುವ ವಾದ್ಯ. ಹಾರ್ಮೋನಿಯಂನಲ್ಲಿ ಇರುವ ಹಾಗೆ ಬೆರಳಲ್ಲಿ ಒತ್ತುವ ಐದು ಸಾಲು ಮನೆಗಳು, ಸುಮಾರು 8,000 ಕೊಳವೆಗಳು. ಕೆಲವು ಕೊಳವೆ ಪೆನ್ಸಿಲ್‌ನಷ್ಟು, ಕೆಲವು ತೆಂಗಿನ ಮರದಷ್ಟು. 1868ರಲ್ಲಿ ಅರಿಸ್ತೀದ್ ಕವಾಯೆ ಕೊಲ್ ಇದನ್ನು ಈಗಿನ ದನಿಗೆ ತಂದವನು, ಒಳಗೆ ಅವನಿಗಿಂತ ಹಳೆಯ ಕೊಳವೆಗಳೂ ಇವೆ. ಬೆಂಕಿ ಇದನ್ನು ಮುಟ್ಟಲಿಲ್ಲ, ನೀರೂ ಹೆಚ್ಚು ಬೀಳಲಿಲ್ಲ. ಉಳಿಯಿತಲ್ಲ ಅಂತ ಮೊದಲ ದಿನ ಎಲ್ಲರೂ ನಿಟ್ಟುಸಿರು ಬಿಟ್ಟರು. ಮುಚ್ಚಳ ತೆಗೆದು ನೋಡಿದಾಗ ಪ್ರತಿ ಕೊಳವೆಯ ಬಾಯಲ್ಲೂ ಹಳದಿ ಧೂಳು.

ಹಾರ್ಮೋನಿಯಂ ರೀಡಿಗೆ ಚೂರು ಧೂಳು ಕೂತರೆ ಶ್ರುತಿ ಏನಾಗುತ್ತದೆ ಅಂತ ನಮಗೆ ಗೊತ್ತು. ಇಲ್ಲಿ ಧೂಳು ವಿಷ ಬೇರೆ. ತಿದಿ ಊದಿದರೆ ಆ ವಿಷ ಹಜಾರಕ್ಕೆಲ್ಲ ಹರಡುತ್ತದೆ. ಹಾಗಾಗಿ ನುಡಿಸಿ ನೋಡುವ ಹಾಗೂ ಇಲ್ಲ. 2020ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಸಾರುವೆ ಕಟ್ಟಿ, ಮೊದಲು ಮನೆಗಳ ಮೇಜು, ಆಮೇಲೆ ಕೊಳವೆಗಳು, ಹೀಗೆ ಒಂದೊಂದೇ ಬಿಚ್ಚಿ, ಗುರುತು ಬರೆದು, ಪೆಟ್ಟಿಗೆಗೆ ತುಂಬಿದರು. ದಕ್ಷಿಣದ ವೊಕ್ಲೂಜ್ ಮತ್ತು ಕೊರೆಜ್ ಕಡೆಯ ಕಾರ್ಯಾಗಾರಗಳಲ್ಲಿ ತೊಳೆದರು, ತೊಗಲು ಬದಲಿಸಿದರು. ತಂದು ಮತ್ತೆ ಕೂರಿಸಿದ ಮೇಲೆ ಶ್ರುತಿ ಮಾಡುವುದು ಇನ್ನೊಂದು ತಪಸ್ಸು. ಹಗಲೆಲ್ಲ ಕಟ್ಟಡದಲ್ಲಿ ಸುತ್ತಿಗೆ, ಡ್ರಿಲ್ಲು. ಅದಕ್ಕೆ ರಾತ್ರಿ ಕೆಲಸ. ಒಬ್ಬರು ಮನೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೊಳವೆಯ ಬಳಿ ಕಿವಿ ಕೊಟ್ಟು ಕೂದಲೆಳೆಯಷ್ಟು ತಿದ್ದಬೇಕು. ಎಂಟು ಸಾವಿರ ಸಲ. ತಿಂಗಳುಗಟ್ಟಲೆ.

ಗಾಯಕರ ಪಕ್ಕದ ಚಿಕ್ಕ ಆರ್ಗನ್‌ಗೆ ಅಷ್ಟು ಪುಣ್ಯ ಇರಲಿಲ್ಲ. ನೇರ ನೀರು ಬಿದ್ದು ಒಳಗು ಕೆಟ್ಟಿತ್ತು.

ನೆಲದ ಕೆಳಗೆ

ಹೊಸ ಶಿಖರಕ್ಕೆ ಭಾರಿ ಸಾರುವೆ ಬೇಕಿತ್ತು. ಅದರ ಭಾರ ತಡೆಯುತ್ತದೋ ಇಲ್ಲವೋ ಅಂತ ನೆಲ ನೋಡಬೇಕು. ಹಾಗೆ 2022ರಲ್ಲಿ ಪುರಾತತ್ವದವರು ನಡುಮಧ್ಯದ ಕಲ್ಲುಹಾಸು ಎಬ್ಬಿಸಿದರು. ಕೆಲವೇ ವಾರದ ಕೆಲಸ ಅಂದುಕೊಂಡಿದ್ದರು. ನೆಲದ ಹತ್ತಿರದಲ್ಲೇ ಮುಖಗಳು ಸಿಕ್ಕವು.

ಅವು 13ನೇ ಶತಮಾನದ ಒಂದು ಕೆತ್ತನೆಯ ಗೋಡೆಯ ಚೂರುಗಳು. ಗುರುಗಳು ಕೂರುವ ಜಾಗ, ಜನ ನಿಲ್ಲುವ ಜಾಗ, ಇವೆರಡರ ನಡುವೆ ಆಗ ಎತ್ತರದ ಕಲ್ಲಿನ ತಡೆ ಇರುತ್ತಿತ್ತು. ನೋಟ್ರ ಡಾಮ್‌ನಲ್ಲಿ 18ನೇ ಶತಮಾನದ ಆರಂಭದಲ್ಲಿ, ಹದಿನಾಲ್ಕನೇ ಲೂಯಿ ತನ್ನ ಅಪ್ಪನ ಹರಕೆ ತೀರಿಸಲು ಇಡೀ ಆ ಭಾಗವನ್ನು ಹೊಸದಾಗಿ ಮಾಡಿಸುವಾಗ ಅದನ್ನು ಒಡೆದುಹಾಕಿದರು. ಒಡೆದದ್ದನ್ನು ಹೊರಗೆ ಎಸೆಯಲಿಲ್ಲ, ಅಲ್ಲೇ ನೆಲದ ಕೆಳಗೆ ಹೂತರು. ಪವಿತ್ರವಾದದ್ದು ಹಳಸಿದರೂ ಬೀದಿಗೆ ಹಾಕಬಾರದು ಅನ್ನುವ ಭಾವನೆ ಇರಬೇಕು. ನಾವೂ ಭಿನ್ನವಾದ ವಿಗ್ರಹವನ್ನು ಹೊಳೆಗೆ ಬಿಡುತ್ತೇವಲ್ಲ.

ಸಾವಿರಕ್ಕೂ ಹೆಚ್ಚು ಚೂರುಗಳು. ಕಣ್ಣು ಮುಚ್ಚಿದ ಯೇಸುವಿನ ತಲೆ, ಮಡಚಿದ ಬಟ್ಟೆಯ ನೆರಿಗೆ, ಒಂದು ಕೈ. ಮುಖ್ಯ ಅಂದರೆ ಬಣ್ಣ. ಕೆನ್ನೆಯ ಕೆಂಪು, ಬಟ್ಟೆಯ ನೀಲಿ, ಅಂಚಿನ ಚಿನ್ನ ಇನ್ನೂ ಅಂಟಿಕೊಂಡಿತ್ತು. ಮುನ್ನೂರು ವರ್ಷ ಕತ್ತಲಲ್ಲಿ ಇದ್ದದ್ದಕ್ಕೆ ಉಳಿದ ಬಣ್ಣ. ಗಾಳಿಗೆ ಬಂದರೆ ಉದುರಬಹುದು ಅಂತ ಪ್ರಯೋಗಾಲಯದವರಿಗೆ ಭಯ. ಅವನ್ನು ನಿಧಾನವಾಗಿ ಒಣಗಿಸಿ, ಬಣ್ಣವನ್ನು ಅಂಟಿಸಿ, 2024ರ ನವೆಂಬರ್‌ನಲ್ಲಿ ಪ್ಯಾರಿಸಿನ ಕ್ಲ್ಯೂನಿ ಮ್ಯೂಸಿಯಮ್ಮಿನಲ್ಲಿ ಜನರಿಗೆ ತೋರಿಸಿದರು. ಅಗೆತದಲ್ಲಿ ಸೀಸದ ಶವಪೆಟ್ಟಿಗೆಗಳೂ ಸಿಕ್ಕವು. ಒಂದರ ಮೇಲೆ ಹೆಸರಿತ್ತು: ಆಂತ್ವಾನ್ ದ ಲ ಪೋರ್ತ್, 1710ರಲ್ಲಿ ತೀರಿಕೊಂಡ ಗುರು. ಆ ತಡೆಗೋಡೆ ಒಡೆದು ಕಟ್ಟಿದ ಹೊಸ ಅಲಂಕಾರಕ್ಕೆ ಕೈಯಿಂದ ಹಣ ಹಾಕಿದವರಲ್ಲಿ ಅವರೂ ಒಬ್ಬರು. ಒಡೆಸಿದವರೂ ಒಡೆದದ್ದೂ ಒಂದೇ ನೆಲದ ಕೆಳಗೆ ಅಕ್ಕಪಕ್ಕ ಮಲಗಿದ್ದರು.

ನಾಂತ್‌ನಲ್ಲಿ ಆದದ್ದು

ನೋಟ್ರ ಡಾಮ್ ಕಥೆ ಒಂದನ್ನೇ ಕೇಳಿದರೆ ತಪ್ಪು ಧೈರ್ಯ ಬರುತ್ತದೆ. ಹದಿನೈದು ತಿಂಗಳು ಕಳೆದು, 2020ರ ಜುಲೈ 18ರಂದು, ಪಶ್ಚಿಮದ ನಾಂತ್ ಊರಿನ ಕೆಥೆಡ್ರಲಿಗೆ ಒಬ್ಬ ಬೇಕೆಂದೇ ಬೆಂಕಿ ಇಟ್ಟ. ಮಾಡಿಗೆ ಏನೂ ಆಗಲಿಲ್ಲ. ಶಿಖರ ಬೀಳಲಿಲ್ಲ. ಟಿವಿಯವರು ಎರಡು ದಿನ ತೋರಿಸಿ ಬಿಟ್ಟರು. ಆದರೆ 1621ರಷ್ಟು ಹಳೆಯ ದೊಡ್ಡ ಆರ್ಗನ್ ಪೂರ್ತಿ ಬೂದಿಯಾಯ್ತು. ಕ್ರಾಂತಿ ದಾಟಿದ್ದು, ಎರಡನೇ ಮಹಾಯುದ್ಧದ ಬಾಂಬು ದಾಟಿದ್ದು, 1972ರಲ್ಲಿ ಅದೇ ಕೆಥೆಡ್ರಲಿನ ಮಾಡು ಸುಟ್ಟಾಗಲೂ ದಾಟಿದ್ದು. ಅದರ ಹಿಂದಿನ ಕಿಟಕಿಯ ಬಣ್ಣದ ಗಾಜು ಹೋಯ್ತು. ಇಪೊಲಿತ್ ಫ್ಲಾಂದ್ರಾ 1836ರಲ್ಲಿ ಬರೆದ, ಸಂತ ಕ್ಲೇರ್ ಕುರುಡರಿಗೆ ಕಣ್ಣು ಕೊಡುವ ಚಿತ್ರವೂ ಹೋಯ್ತು.

ಪ್ಯಾರಿಸಿನಲ್ಲಿ ಮನೆ ಸುಟ್ಟು ಸಾಮಾನು ಉಳಿಯಿತು, ನಾಂತ್‌ನಲ್ಲಿ ಮನೆ ಉಳಿದು ಸಾಮಾನು ಸುಟ್ಟಿತು. ಮಾಡನ್ನು ಮತ್ತೆ ಕಟ್ಟಬಹುದು, ಓಕ್ ಮರ ಕಾಡಿನಲ್ಲಿ ಇದೆ. ಫ್ಲಾಂದ್ರಾನ ಚಿತ್ರವನ್ನು ಯಾರು ಬರೆಯುತ್ತಾರೆ? ಫ್ರಾನ್ಸಿನಲ್ಲಿ 1905ರ ಕಾನೂನಿನ ನಂತರ ಇಂಥ 87 ಕೆಥೆಡ್ರಲುಗಳು ಸರ್ಕಾರದ ಆಸ್ತಿ, ಬಳಕೆ ಮಾತ್ರ ಗುರುಗಳದು. ನೋಟ್ರ ಡಾಮ್ ಆದಮೇಲೆ ಪ್ರತಿ ಕೆಥೆಡ್ರಲಿಗೂ 'ಯಾವ ವಸ್ತು ಮೊದಲು' ಅನ್ನುವ ಪಟ್ಟಿ ಮಾಡಿಸಲು ಸರ್ಕಾರ ಹಿಂದೆ ಬಿತ್ತು. ಕೈಯಲ್ಲಿ ಎತ್ತುವ ವಸ್ತುವಿಗೆ ಪಟ್ಟಿ ಸಾಕು. ಗೋಡೆಗೆ ಕಚ್ಚಿಕೊಂಡ ಆರ್ಗನ್‌ಗೆ ಪಟ್ಟಿಯಿಂದ ಏನೂ ಆಗುವುದಿಲ್ಲ, ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವುದೇ ದಾರಿ.

ಮರಳಿ ಬಂದದ್ದು, ಹೊಸದಾಗಿ ಬಂದದ್ದು

ಮಾತೆ ಮರಿಯ ಐದು ವರ್ಷ ಲೂವ್ರ್ ಎದುರಿನ ಸ್ಯಾಂ ಜೆರ್ಮ್ಯಾಂ ಲೋಸೆರ್ವಾ ಚರ್ಚಿನಲ್ಲಿ ನೆಂಟರ ಮನೆಯಲ್ಲಿ ಇದ್ದ ಹಾಗೆ ಇದ್ದಳು. 2024ರ ನವೆಂಬರ್ 15ರ ಸಂಜೆ ಸಾವಿರಾರು ಜನ ಮೇಣದ ಬತ್ತಿ ಹಿಡಿದು, ಹಾಡುತ್ತಾ, ಸೇನ್ ನದಿಯ ದಂಡೆಯಲ್ಲಿ ಮೆರವಣಿಗೆ ಮಾಡಿ ಅವಳನ್ನು ಮನೆಗೆ ಕರೆತಂದರು.

ಡಿಸೆಂಬರ್ 7ರಂದು ಬಾಗಿಲು ತೆರೆಯಿತು. ಆರ್ಚ್‌ಬಿಷಪ್ ಲೊರಾಂ ಉಲ್ರಿಕ್ ಬಾಗಿಲು ತಟ್ಟಿದ್ದು ಮಾಡಿನ ಸುಟ್ಟ ತೊಲೆಯಿಂದ ಮಾಡಿಸಿದ ದಂಡದಿಂದ. ಒಳಗೆ ಬಂದು ಆರ್ಗನ್ ಕಡೆ ತಿರುಗಿ "ಎದ್ದೇಳು" ಅಂತ ಎಂಟು ಸಲ ಕರೆದರು. ಒಂದೊಂದು ಕರೆಗೂ ಮೇಲಿನಿಂದ ಉತ್ತರ ಬಂತು. ನಾಲ್ಕು ಜನ ವಾದಕರು ಸರದಿಯ ಮೇಲೆ ನುಡಿಸಿದರು. ವಾರ ಕಳೆಯುವಷ್ಟರಲ್ಲಿ, 13ರಂದು, ಕಿರೀಟ ಬಂತು. ಅದಕ್ಕೆ ಸಿಲ್ವ್ಯಾಂ ದ್ಯುಬ್ವಿಸ್ಸೊಂ ಹೊಸ ಆಸನ ಮಾಡಿದ್ದಾರೆ.

ಪುಡಿಯಾದ ಬಲಿಪೀಠದ ಜಾಗದಲ್ಲಿ ಗಿಯೋಮ್ ಬಾರ್ದೆ ಎರಕ ಹೊಯ್ಸಿದ ಕಂಚಿನ ಪೀಠ ಇದೆ. ಬೋಗುಣಿಯ ಹಾಗೆ ಬಾಗಿದ, ಕೆತ್ತನೆ ಇಲ್ಲದ, ಕಪ್ಪಗಿನ ವಸ್ತು. ಸುತ್ತಲಿನ ಬೆಳ್ಳನೆಯ ಕಲ್ಲಿನ ನಡುವೆ ಭಾರವಾಗಿ ಕೂತಿದೆ. ಕೆಲವರಿಗೆ ಹಿಡಿಸಿಲ್ಲ. ಫೋಟೊದಲ್ಲಿ ನೋಡಿದಾಗ ನನಗೆ ಹಿಡಿಸಿತು. ಹಳೆಯದರ ನಕಲು ಮಾಡಲು ಹೋಗಿಲ್ಲ, ಹಳೆಯದರ ಮೇಲೆ ಜಗಳಕ್ಕೂ ಬಿದ್ದಿಲ್ಲ. ಕಳೆದುಹೋದದ್ದರ ಜಾಗಕ್ಕೆ ಹೊಸದು ಬರುವುದು ಸಹಜ ತಾನೇ.

ಜಗಳ ಇರುವುದು ಕಿಟಕಿಗಳದು. ದಕ್ಷಿಣದ ಬದಿಯ ಚಾಪೆಲ್‌ಗಳಲ್ಲಿ ವಿಯೊಲೆ ಲ ದ್ಯುಕ್ ಹಾಕಿಸಿದ ಬಣ್ಣದ ಗಾಜಿನ ಕಿಟಕಿಗಳಿವೆ. ಬರೀ ಬಳ್ಳಿ, ಎಲೆ, ಜ್ಯಾಮಿತಿಯ ವಿನ್ಯಾಸ. ಅವುಗಳಲ್ಲಿ ಆರನ್ನು ತೆಗೆದು ಹೊಸ ಕಾಲದ ಕಿಟಕಿ ಹಾಕೋಣ, ಇದು ನಮ್ಮ ಕಾಲದ ಗುರುತಾಗಲಿ ಅಂತ ಅಧ್ಯಕ್ಷ ಮಾಕ್ರೋನ್ 2023ರ ಡಿಸೆಂಬರ್‌ನಲ್ಲಿ ಹೇಳಿದರು. ಆರ್ಚ್‌ಬಿಷಪ್ ಕೋರಿಕೆಯೂ ಅದೇ ಆಗಿತ್ತು. ವಿರೋಧದ ಮನವಿಗೆ ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ಪರಂಪರೆಯ ರಾಷ್ಟ್ರೀಯ ಆಯೋಗ 2024ರ ಜುಲೈಯಲ್ಲಿ ಒಮ್ಮತದಿಂದ ಬೇಡ ಅಂತು. ಆದರೂ ಡಿಸೆಂಬರ್‌ನಲ್ಲಿ ಕಲಾವಿದೆ ಕ್ಲೇರ್ ತಾಬುರೆ ಮತ್ತು ರೀಮ್ಸ್‌ನ ಸಿಮೊಂ ಮಾರ್ಕ್ ಕಾರ್ಯಾಗಾರವನ್ನು ಆರಿಸಿದರು. 2026ರ ಕೊನೆಗೆ ಕೂರಿಸುವುದು ಅಂತ ಯೋಜನೆ.

ತೆಗೆಯುವ ಆ ಆರು ಕಿಟಕಿಗಳಿಗೆ 2019ರ ಬೆಂಕಿಯಲ್ಲಿ ಏನೂ ಆಗಿರಲಿಲ್ಲ. ದಾನಿಗಳ ಹಣದಲ್ಲೇ ಅವುಗಳ ಸೀಸದ ಧೂಳು ಒರೆಸಿ ತೊಳೆದೂ ಆಗಿತ್ತು.